ಸ್ಟಾರ್ ಆಟಗಾರನ ಕರಾರು ಮುಂದುವರಿಸಬೇಕೆ? ಡಿಸೆಂಬರಿಗೆ ಮುಂಚೆ ಹಾಕಬೇಕಾದ ಲೆಕ್ಕ

2018ರ ಡಿಸೆಂಬರ್ ಎರಡನೇ ವಾರ, ಒಂದು ಸಂಜೆ, ನಮ್ಮ ಫುಟ್‌ಬಾಲ್ ಕ್ಲಬ್ಬಿನ ಒಂಬತ್ತನೇ ನಂಬರಿನ ಹುಡುಗ, ನಮ್ಮ ಸ್ಟ್ರೈಕರ್, ಮನೆಗೆ ಬಂದ. ಕೈಯಲ್ಲಿ ಗೋಕಾಕ ಕರದಂಟಿನ ಡಬ್ಬಿ. ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಬಾಗಿಲಲ್ಲೇ ನಿಂತ. “ಒಳಗ ಬಾರಪಾ” ಅಂದರೂ ಬರಲಿಲ್ಲ. “ಕಾಕಾರ, ಸಿಟ್ಟಾಗಬ್ಯಾಡ್ರಿ, ನಾ ಬ್ಯಾರೆ ಕಡೆ ಸಹಿ ಮಾಡೇನ್ರಿ” ಅಂದ.

ಹದಿಮೂರನೇ ವಯಸ್ಸಿನಿಂದ ನಮ್ಮಲ್ಲೇ ಬೆಳೆದವನು. ಗೋವಾದ ಝುವಾರಿನಗರದಲ್ಲಿ ಮನೆ, ಬಾಗಲಕೋಟೆ ಕಡೆಯ ಕುಟುಂಬ, ಅಪ್ಪನಿಗೆ ಬಂದರಿನಲ್ಲಿ ಲೋಡಿಂಗ್ ಕೆಲಸ. ಅವನ ಕರಾರು ಮೇ 31ಕ್ಕೆ ಮುಗಿಯುವುದಿತ್ತು. ನಾವು ಕಮಿಟಿಯವರು “ಸೀಸನ್ ಮುಗೀಲಿ, ಆಮ್ಯಾಲೆ ನೋಡೋಣ” ಅಂತ ಕೂತಿದ್ದೆವು. ಹತ್ತು ವರ್ಷ ಬೆಳೆಸಿದ ಹುಡುಗ ಹೋದಾಗ ಟ್ರಾನ್ಸ್‌ಫರ್ ಹಣ (ಆಟಗಾರನನ್ನು ಕೊಳ್ಳುವ ಕ್ಲಬ್ಬು ಕೊಡುವ ದುಡ್ಡು) ಅಂತ ಕ್ಲಬ್ಬಿಗೆ ಒಂದು ರೂಪಾಯಿ ಬರಲಿಲ್ಲ. ಅವನ ತಪ್ಪು ಏನೂ ಇರಲಿಲ್ಲ. ಕ್ಯಾಲೆಂಡರ್ ನೋಡದೆ ಕೂತವರು ನಾವು.

ನಾನು ಹುಬ್ಬಳ್ಳಿಯವನು, ಗೋವಾದ ವಾಸ್ಕೋಕ್ಕೆ ಬಂದು 26 ವರ್ಷ. ಹಗಲು ಒಂದು ಸಾಗಣೆ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಕ್ಲಬ್ಬಿನ ಖಜಾಂಚಿ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಸಣ್ಣ ಕ್ಲಬ್ಬು ನಡೆಸುವ ಗೆಳೆಯರು ಫೋನ್ ಮಾಡಿ, “ನಮ್ಮ ಸ್ಟಾರ್ ಜಾಸ್ತಿ ಕೇಳ್ತಿದ್ದಾನೆ, ಇಟ್ಟುಕೊಳ್ಳೋದಾ ಬಿಡೋದಾ?” ಅಂತ ಕೇಳುತ್ತಿರುತ್ತಾರೆ. ಆ ಡಿಸೆಂಬರಿನ ನಂತರ ನಾವು ರೂಢಿಸಿಕೊಂಡ ಕ್ರಮವನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತಾರೀಖು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ಕರಾರಿಗೆ ಆರು ತಿಂಗಳು ಉಳಿದಾಗ ಆಟಗಾರ ಮುಂದಿನ ಸೀಸನ್ನಿಗೆ ಬೇರೆ ಕ್ಲಬ್ಬಿನ ಜೊತೆ ಸಹಿ ಹಾಕಬಹುದು. ಮಾತುಕತೆಗೆ ಮುಂಚೆ ಆ ಕ್ಲಬ್ಬು ನಮಗೆ ಲಿಖಿತವಾಗಿ ತಿಳಿಸಬೇಕು. ತಡೆಯುವ ಅಧಿಕಾರ ನಮಗಿಲ್ಲ. ಕರಾರು ಮುಗಿದ ಆಟಗಾರನ ಮೇಲೂ ದುಡ್ಡು ಕೇಳುವ ಹಳೆಯ ಪದ್ಧತಿಗೆ ಯುರೋಪಿನಲ್ಲಿ ಬೋಸ್ಮನ್ ಎಂಬ ಆಟಗಾರನ ಮೊಕದ್ದಮೆಯ 1995ರ ತೀರ್ಪು ತೆರೆ ಎಳೆಯಿತು. ಮೇ 31ಕ್ಕೆ ಮುಗಿಯುವ ಕರಾರು ನಮ್ಮ ಕೈ ಜಾರುವುದು ಡಿಸೆಂಬರ್ ಒಂದಕ್ಕೆ. ಆದ್ದರಿಂದ ಎಲ್ಲ ಆಟಗಾರರ ಹೆಸರು, ವಯಸ್ಸು, ಕರಾರು ಮುಗಿಯುವ ದಿನ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಹದಿನೆಂಟು ತಿಂಗಳು ಉಳಿದವರ ಹೆಸರಿನ ಮುಂದೆ ಹಳದಿ ಚುಕ್ಕೆ, ಹನ್ನೆರಡು ಉಳಿದವರಿಗೆ ಕೆಂಪು. ಹಳದಿ ಬಿದ್ದಾಗ ಮಾತು ಶುರುವಾಗಬೇಕು, ಕೆಂಪು ಬೀಳುವುದರೊಳಗೆ ನಿರ್ಧಾರ ಆಗಿರಬೇಕು. ದೊಡ್ಡ ಕ್ಲಬ್ಬುಗಳೂ ಇಲ್ಲಿ ಎಡವುತ್ತವೆ. ಫ್ರಾನ್ಸಿನ ಸ್ಟಾರ್ ಎಂಬಾಪೆ 2024ರಲ್ಲಿ ಪ್ಯಾರಿಸ್ ಕ್ಲಬ್ಬು ಬಿಟ್ಟು ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದು ಕರಾರು ಮುಗಿದ ಮೇಲೆ, ಟ್ರಾನ್ಸ್‌ಫರ್ ಹಣವಿಲ್ಲದೆ.

ಎರಡನೆಯದು ಆಟದ ಲೆಕ್ಕ, ಇದಕ್ಕೆ ಒಂದು ಇಡೀ ಸಂಜೆ ಕೊಡಿ. ಕಮಿಟಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ ಇರುತ್ತದೆ: ಇಷ್ಟು ಗೋಲು ಹೊಡೆದ. ಆ ಹುಡುಗನ ಹಿಂದಿನ ಸೀಸನ್ನಿನ 11 ಗೋಲುಗಳನ್ನು ಅವನು ಹೋದ ಮೇಲೆ ನಾನು ಬಿಡಿಸಿ ಬರೆದೆ. ನಾಲ್ಕು ಪೆನಾಲ್ಟಿ. ಮೂರು ಒಂದೇ ಪಂದ್ಯದಲ್ಲಿ, ಪಟ್ಟಿಯ ಕೊನೆಯ ತಂಡದ ಎದುರು. ಉಳಿದದ್ದು ನಾಲ್ಕು. ಆಗ ನನಗೂ “ಹೋದರೆ ಹೋಗಲಿ” ಅನಿಸಿದ್ದು ನಿಜ. ಆಮೇಲೆ ನಮ್ಮ ಕೋಚ್ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಹಿಡಿದಿದ್ದ ಹಳೆಯ ಪಂದ್ಯಗಳನ್ನು ತೋರಿಸಿದರು. ಎಡ ಅಂಚಿನಲ್ಲಿ ಆಡುವ ವಿಂಗರ್ ಹೊಡೆದ ಆರು ಗೋಲುಗಳಲ್ಲಿ ಐದರಲ್ಲಿ ಎದುರಾಳಿಯ ಇಬ್ಬರು ಡಿಫೆಂಡರ್‌ಗಳು ನಮ್ಮ ಒಂಬತ್ತನೇ ನಂಬರಿಗೆ ಅಂಟಿಕೊಂಡಿದ್ದರು. ಅವನು ಚೆಂಡು ಮುಟ್ಟಿರಲೇ ಇಲ್ಲ, ಬಲಕ್ಕೆ ಓಡಿದ್ದ ಅಷ್ಟೇ. ಅವನಿಲ್ಲದ ಮುಂದಿನ ಸೀಸನ್ನಿನಲ್ಲಿ ಅದೇ ವಿಂಗರ್ ಹೊಡೆದದ್ದು ಒಂದು ಗೋಲು. ಪೆನಾಲ್ಟಿ ಬೇರೆ ಮಾಡಿ, ಎಷ್ಟು ನಿಮಿಷ ಆಡಿದ ಅಂತ ಬರೆಯಿರಿ, ಅವನು ಇಲ್ಲದ ಪಂದ್ಯಗಳಲ್ಲಿ ತಂಡಕ್ಕೆ ಏನಾಯಿತು ನೋಡಿ. ಮಳೆಗಾಲದ ಕೆಸರಿನಲ್ಲಿ ಎಷ್ಟು ಹೊತ್ತು ಓಡುತ್ತಾನೆ ಅನ್ನುವುದನ್ನೂ ಬರೆದಿಡಿ, ಗೋವಾದಲ್ಲಿ ಅದು ಸಣ್ಣ ವಿಷಯವಲ್ಲ.

ವಯಸ್ಸಿನ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇರುತ್ತದೆ. ಮೂವತ್ತು ದಾಟಿತು, ಬಿಡಿ ಅಂತಾರೆ. ನಮ್ಮ ಕಣ್ಣೆದುರೇ ನಡೆದದ್ದನ್ನು ಹೇಳುತ್ತೇನೆ. ಎಫ್‌ಸಿ ಗೋವಾದ ಕೋರೋ 2017–18ರಲ್ಲಿ 18 ಗೋಲು ಹೊಡೆದ, ಮುಂದಿನ ಸೀಸನ್ 16, ಅದರ ಮುಂದಿನದು 14. ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) 57 ಪಂದ್ಯಗಳಲ್ಲಿ 48 ಗೋಲು. 2020ರಲ್ಲಿ ಅವನು ಹೋದಾಗ ವಯಸ್ಸು 37. ನಮ್ಮ ಓಣಿಯಲ್ಲಿ ಊಟ ಬಿಟ್ಟವರಿದ್ದರು. ಅವನ ಜಾಗಕ್ಕೆ ಬಂದದ್ದು 36ರ ಇಗೋರ್ ಅಂಗುಲೋ. ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟನ್ನು ಆ ಸೀಸನ್ ಗೆದ್ದದ್ದು ಅವನೇ, 14 ಗೋಲು ಹೊಡೆದು. ಪೆನಾಲ್ಟಿ ಬಾಕ್ಸಿನೊಳಗೆ ಜಾಗ ಹುಡುಕುವ ಸ್ಟ್ರೈಕರಿಗೆ 35 ಆದರೂ ಬುದ್ಧಿ ಓಡುತ್ತದೆ. ವೇಗವನ್ನೇ ನಂಬಿದ ವಿಂಗರಿಗೆ ಮೊಣಕಾಲು ಒಮ್ಮೆ ಕೈಕೊಟ್ಟರೆ 28ಕ್ಕೇ ಕಷ್ಟ. ವಯಸ್ಸನ್ನು ಜಾಗದ ಜೊತೆ ಸೇರಿಸಿಯೇ ಓದಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮೂವತ್ತು ದಾಟಿದವರಿಗೆ ಒಂದು ವರ್ಷದ ಕರಾರು ಕೊಟ್ಟು, ನಿಗದಿಯಾದಷ್ಟು ಪಂದ್ಯ ಆಡಿದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುವಂತೆ ಬರೆಯುವುದು ಇಬ್ಬರಿಗೂ ನ್ಯಾಯ. ನಾವೊಮ್ಮೆ ಪ್ರೀತಿಗೆ ಕಟ್ಟುಬಿದ್ದು 31ರ ಡಿಫೆಂಡರಿಗೆ ಮೂರು ವರ್ಷ ಬರೆದುಕೊಟ್ಟೆವು. ಎರಡನೇ ವರ್ಷ ಮೊಣಕಾಲು ಹೋಯಿತು. ಅವರು ಬೆಂಚಿನ ಮೇಲೆ ಕೂತು ಸಂಬಳ ತೆಗೆದುಕೊಳ್ಳುವಾಗ ಪಟ್ಟ ಮುಜುಗರವನ್ನು ನಾನು ಪ್ರತಿ ತಿಂಗಳು ವೋಚರಿಗೆ ಸಹಿ ಮಾಡಿಸುವಾಗ ನೋಡಿದ್ದೇನೆ.

ಆ 2020ರಲ್ಲಿ ಗೋವಾ ಕಳೆದುಕೊಂಡದ್ದು ಕೋರೋ ಒಬ್ಬನನ್ನೇ ಅಲ್ಲ. ಹಿಂದಿನ ಕೋಚ್ ಲೊಬೆರಾ ಮುಂಬೈ ಸಿಟಿ ಕ್ಲಬ್ಬಿಗೆ ಹೋದರು, ಆಟಗಾರರಾದ ಮುರ್ತಾದಾ ಫಾಲ್, ಜಾಹೂ, ಬೂಮುಸ್, ಮಂದಾರ್ ರಾವ್ ದೇಸಾಯಿ ಅಲ್ಲಿಗೇ ಹೋದರು. ಮುಂಬೈ ಆ ವರ್ಷ ಲೀಗ್ ಹಂತದ ಅಗ್ರಸ್ಥಾನಕ್ಕೆ ಸಿಗುವ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದಿತು. ಸೆಮಿಫೈನಲಿನಲ್ಲಿ ಗೋವಾವನ್ನೇ ಪೆನಾಲ್ಟಿಯಲ್ಲಿ ಸೋಲಿಸಿತು. ಕೋವಿಡ್ ಕಾರಣಕ್ಕೆ ಇಡೀ ಸೀಸನ್ ಗೋವಾದಲ್ಲೇ, ಖಾಲಿ ಗ್ಯಾಲರಿಗಳ ಎದುರು ನಡೆಯಿತು. ತಿಲಕ್ ಮೈದಾನದಲ್ಲಿ ಪಂದ್ಯವಿದ್ದ ರಾತ್ರಿ ನಮ್ಮ ಮಾಳಿಗೆಯಿಂದ ದೀಪ ಕಾಣುತ್ತಿತ್ತು, ಒಳಗೆ ಹೋಗುವಂತಿರಲಿಲ್ಲ. ಒಬ್ಬ ಸ್ಟಾರ್ ಹೋದರೆ ಅವನ ಜಾಗ ತುಂಬಬಹುದು. ಒಬ್ಬರಿಗೊಬ್ಬರು ಒಗ್ಗಿದ ನಾಲ್ಕೈದು ಜನ ಒಟ್ಟಿಗೆ ಹೊರಟರೆ ತಂಡದ ಬೆನ್ನೆಲುಬೇ ಹೋಗುತ್ತದೆ. ಅದಕ್ಕೇ ಒಂದೇ ವರ್ಷ ಮೂರಕ್ಕಿಂತ ಹೆಚ್ಚು ಮುಖ್ಯ ಆಟಗಾರರ ಕರಾರು ಮುಗಿಯದಂತೆ ತಾರೀಖುಗಳನ್ನು ಹಿಂದೆ ಮುಂದೆ ಮಾಡಿ ಬರೆಯಿರಿ.

ಈಗ ದುಡ್ಡು. ನನ್ನ ವಹಿಯಿಂದ ಒಂದು ಉದಾಹರಣೆ. ತಿಂಗಳ ಒಟ್ಟು ಸಂಬಳ ನಾಲ್ಕು ಲಕ್ಷ. ಸ್ಟಾರಿಗೆ 40,000, ಕೇಳುತ್ತಿರುವುದು 70,000. “ಮೂವತ್ತು ಸಾವಿರ ತಾನೇ, ಪ್ರಾಯೋಜಕರು ಕೊಡ್ತಾರೆ” ಅಂತ ಒಬ್ಬರು ಅಂದೇ ಅನ್ನುತ್ತಾರೆ. ಆದರೆ ಕ್ಯಾಪ್ಟನಿಗೆ 32,000, ಗೋಲ್‌ಕೀಪರಿಗೆ 30,000, ನಡುವಿನಲ್ಲಿ ಆಡುವ ಅನುಭವಿಗೆ 28,000. ಡ್ರೆಸಿಂಗ್ ರೂಮಿನಲ್ಲಿ ಸಂಬಳದ ಸುದ್ದಿ ಮುಚ್ಚಿಡಲು ಆಗುವುದಿಲ್ಲ. ಮೂವರಿಗೂ ತಲಾ ಎಂಟು ಸಾವಿರ ಏರಿಸಬೇಕಾದರೆ 24,000. ಹೆಚ್ಚುವರಿ ತಿಂಗಳಿಗೆ 54,000, ಹತ್ತು ತಿಂಗಳ ಸೀಸನ್ನಿಗೆ 5.4 ಲಕ್ಷ. ಅದರ ಮೇಲೆ ರೂಮ್ ಬಾಡಿಗೆ, ಗೋಲ್ ಬೋನಸ್, ಏಜೆಂಟ್ ಕಮಿಷನ್, ಗಾಯದ ವಿಮೆ. ಈ ಮೊತ್ತವನ್ನು ಕಮಿಟಿ ಎದುರು ಇಟ್ಟು, ಇದೇ ದುಡ್ಡಿಗೆ ಇನ್ನೇನು ಬರುತ್ತದೆ ಅಂತ ಕೇಳಬೇಕು.

ಸಂಬಳದ ಏಣಿ ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬನ್ನು ನೋಡಿ. 2018ರ ಬೇಸಿಗೆಗೆ ಅವರ ಸ್ಟಾರ್ ಆಟಗಾರರಾದ ಸಾಂಚೆಸ್, ಓಜಿಲ್ ಇಬ್ಬರ ಕರಾರೂ ಮುಗಿಯುವುದಿತ್ತು. ಜನವರಿಯಲ್ಲಿ ಸಾಂಚೆಸ್‌ನನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕೊಟ್ಟು ಮಿಖಿತಾರ್ಯನ್‌ನನ್ನು ಪಡೆದರು. ಇನ್ನೊಬ್ಬನೂ ಹೋದರೆ ಹೇಗೆ ಎಂದು ಓಜಿಲ್‌ಗೆ ಕ್ಲಬ್ಬಿನ ಅತಿ ದೊಡ್ಡ ಸಂಬಳ ಬರೆದುಕೊಟ್ಟರು. ಮೂರು ವರ್ಷ ತುಂಬುವ ಮೊದಲೇ ತಂಡದ ಪಟ್ಟಿಯಿಂದಲೂ ಹೊರಗಿದ್ದು, 2021ರ ಜನವರಿಯಲ್ಲಿ ಅವನು ಕ್ಲಬ್ಬು ಬಿಟ್ಟ. 2020ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಕಥೆ. ಎರಡು ಸೀಸನ್ 22-22 ಪ್ರೀಮಿಯರ್ ಲೀಗ್ ಗೋಲು ಹೊಡೆದಿದ್ದ, 31 ತುಂಬಿದ್ದ ಸ್ಟ್ರೈಕರ್ ಒಬಮೆಯಾಂಗ್‌ಗೆ ಮೂರು ವರ್ಷದ ಕರಾರು. ಮುಂದಿನ ಸೀಸನ್ 10 ಗೋಲು, 2022ರ ಫೆಬ್ರುವರಿಯಲ್ಲಿ ಪುಕ್ಕಟೆ ಬಾರ್ಸಿಲೋನಾಕ್ಕೆ. ಮುಗಿದ ವರ್ಷಗಳ ಸಾಧನೆಗೆ ಬರುವ ವರ್ಷಗಳ ದುಡ್ಡು ಕೊಟ್ಟುಬಿಟ್ಟರು. ಋಣ ತೀರಿಸಬೇಕು ಅನಿಸಿದರೆ ಈ ಸೀಸನ್ನಿನ ಕೊನೆಗೇ ಬೋನಸ್ ಕೊಡಿ, ಸನ್ಮಾನ ಮಾಡಿ. ಅದನ್ನು ಕರಾರಿನೊಳಗೆ ಸೇರಿಸಬೇಡಿ.

ಕರಾರು ಮುಂದುವರಿಸುವುದು ಎಂದರೆ ಅವನನ್ನು ಕೊನೆಯವರೆಗೂ ಇಟ್ಟುಕೊಳ್ಳುವುದು ಎಂದೇ ಆಗಬೇಕಿಲ್ಲ, ಇದು ಬಹಳ ಕಮಿಟಿಗಳಿಗೆ ಹೊಳೆಯುವುದಿಲ್ಲ. ಲಿವರ್‌ಪೂಲ್ 2017ರ ಜನವರಿಯಲ್ಲಿ ತನ್ನ ಸ್ಟಾರ್ ಕುಟಿನ್ಯೋ ಜೊತೆ ಐದು ವರ್ಷದ ಹೊಸ ಕರಾರು ಮಾಡಿಕೊಂಡಿತು. ಒಂದೇ ವರ್ಷದಲ್ಲಿ ಬಾರ್ಸಿಲೋನಾಕ್ಕೆ ಮಾರಿತು. ಕರಾರು ಉದ್ದ ಇದ್ದದ್ದಕ್ಕೇ ಅಷ್ಟು ದೊಡ್ಡ ಬೆಲೆ ಕೇಳಲು ಆಯಿತು. ಅದೇ 2018ರಲ್ಲಿ ಡಿಫೆಂಡರ್ ವಾನ್ ಡೈಕ್, ಗೋಲ್‌ಕೀಪರ್ ಅಲಿಸನ್ ಬಂದರು, 2019ರಲ್ಲಿ ಚಾಂಪಿಯನ್ಸ್ ಲೀಗ್ ಬಂತು. ಹಾಗಾಗಿ ನಾವು ಹುಡುಗರಿಗೆ ಬಿಚ್ಚಿ ಹೇಳುತ್ತೇವೆ: “ತಮ್ಮಾ, ಎರಡು ವರ್ಷಕ್ಕ ಸಹಿ ಮಾಡು. ನಡುವ ಒಳ್ಳೆ ಕ್ಲಬ್ಬು ಬಂದ್ರ ನಾವ ಕಳಸ್ತೀವಿ, ಇಷ್ಟು ರೊಕ್ಕ ಬಂದ್ರ ಸಾಕು ಅಂತ ಈಗ ಬರದು ಕೊಡ್ತೀವಿ.” ಬಿಡುಗಡೆಯ ಮೊತ್ತ ಮೊದಲೇ ಬರೆದಿದ್ದರೆ ಹುಡುಗನಿಗೂ ಧೈರ್ಯ, ನಮಗೂ ನೆಮ್ಮದಿ. ಮಾರುವಾಗ ಮರುಮಾರಾಟದ ಪಾಲು, ಅಂದರೆ ಆ ಕ್ಲಬ್ಬು ಮುಂದೆ ಅವನನ್ನು ಮಾರಿದಾಗ ಬರುವ ಹಣದಲ್ಲಿ ನಮ್ಮ ಪಾಲು, ಕೇಳುವುದನ್ನು ಬಿಡಬೇಡಿ, ಶೇಕಡಾ 10 ಆದರೂ ಸರಿ.

ಇನ್ನು ಹಳೆಯ ದಾಖಲೆಗಳು. ಆಟಗಾರ ಕರಾರಿನ ನಡುವೆ ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದರೆ ಆ ಹಣದ ಶೇಕಡಾ 5 ಅವನನ್ನು 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇಕಡಾ 0.25, 16ರಿಂದ 23ರವರೆಗೆ ವರ್ಷಕ್ಕೆ ಶೇಕಡಾ 0.5. ನೋಂದಣಿ ಸರಿಯಿದ್ದರೆ ಮಾತ್ರ ಇದು ಕೈಗೆ ಬರುತ್ತದೆ. ಹದಿಮೂರರ ಹುಡುಗನ ಫಾರ್ಮ್ ತುಂಬುವಾಗ ಜನ್ಮದಾಖಲೆಯ ಪ್ರತಿ ಇಟ್ಟುಕೊಳ್ಳಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಆಟಗಾರರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ಪ್ರತಿ ವರ್ಷ ನೋಂದಾಯಿಸಿ.

ಮಾತುಕತೆಗೆ ಆಟಗಾರನ ಮನೆಗೆ ಹೋಗಿ. ಹೋದ ವರ್ಷ ನಮ್ಮ ಈಗಿನ ವಿಂಗರಿನ ಮನೆಗೆ ನಾನು, ಕೋಚ್ ಹೋಗಿದ್ದೆವು. ಅವ್ವ ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. ಊಟ ಆದ ಮೇಲೆ ಹಾಳೆ ಬಿಚ್ಚಿ ನಿಮಿಷ, ಗೋಲು, ನಮ್ಮ ಬಜೆಟ್ ಎಲ್ಲ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ: “ಸಾಹೇಬ್ರ, ಪಗಾರ ತಿಂಗಳಾ ತಿಂಗಳಾ ಬರತೈತೇನ್ರಿ?” ಮಗನಿಗೆ ಬೇರೆ ಕಡೆ ಹತ್ತು ಸಾವಿರ ಜಾಸ್ತಿ ಹೇಳಿದ್ದರು, ಆದರೆ ಅಲ್ಲಿ ಸಂಬಳ ತಡವಾಗುತ್ತದೆ ಎಂದು ಅವರ ಕಿವಿಗೆ ಬಿದ್ದಿತ್ತು. ಐದನೇ ತಾರೀಖಿನೊಳಗೆ ಬ್ಯಾಂಕಿಗೆ ಹಾಕುತ್ತೇವೆ ಅಂತ ಕರಾರಿನಲ್ಲೇ ಬರೆದೆವು. ಹುಡುಗ ಉಳಿದ. ಫಿಫಾ ನಿಯಮದಲ್ಲೂ ಇದಕ್ಕೆ ತೂಕವಿದೆ: ಎರಡು ತಿಂಗಳ ಸಂಬಳ ಬಾಕಿ ಇಟ್ಟರೆ, ಆಟಗಾರ 15 ದಿನದ ನೋಟಿಸ್ ಕೊಟ್ಟು, ಆಗಲೂ ಬರದಿದ್ದರೆ ಕರಾರು ಮುರಿದು ಹೋಗಬಹುದು.

ಬೇಡ ಅಂತ ನಿರ್ಧಾರವಾದರೂ ಇದೇ ರೀತಿ ಮನೆಗೆ ಹೋಗಿ, ಅಕ್ಟೋಬರಿನಲ್ಲೇ ಹೇಳಿ. ಬೇರೆ ಕ್ಲಬ್ಬು ಹುಡುಕಲು ಅವನಿಗೆ ಸಮಯ ಸಿಗಬೇಕು. ಕ್ಲಬ್ಬಿನ ಲೆಟರ್‌ಹೆಡ್ಡಿನಲ್ಲಿ ಅವನು ಆಡಿದ ವರ್ಷ, ಪಂದ್ಯ, ನಿಮಿಷ ಬರೆದು ಸಹಿ ಮಾಡಿದ ಒಂದು ಪತ್ರ ಕೈಗೆ ಕೊಡಿ. ಮೊಣಕಾಲು ಹೋದ ನಮ್ಮ ಡಿಫೆಂಡರ್ ಆ ಪತ್ರ ತೋರಿಸಿಯೇ ಮಡಗಾಂವ್‌ನ ಒಂದು ಶಾಲೆಯಲ್ಲಿ ಕೋಚ್ ಕೆಲಸ ಹಿಡಿದರು. ಈಗ ಪ್ರತಿ ಜೂನ್‌ನಲ್ಲಿ ಅಲ್ಲಿಂದ ಒಬ್ಬಿಬ್ಬರು ಹುಡುಗರನ್ನು ನಮ್ಮ ಟ್ರಯಲ್ಸಿಗೆ ಕರೆತರುತ್ತಾರೆ.