ಒಂದನೇ ಕ್ಲಾಸಿನ ಮಕ್ಕಳಿಗೂ ಒಂದೊಂದು ಪಾತಿ

"ಓದೋಕೆ ಕಳಿಸಿದ್ದೀವಾ, ಗೇಯೋಕೆ ಕಳಿಸಿದ್ದೀವಾ ಮಿಸ್?" ಅಂತ ಜಗಳಕ್ಕೆ ಬಂದಿದ್ದ ಅಪ್ಪಂದಿರೇ ಈಗ ಮನೆಯಿಂದ ಬಿತ್ತನೆ ಬೀಜ ಕಟ್ಟಿ ಕಳಿಸುತ್ತಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಶಿರಾ ಕಡೆಯ ಸರ್ಕಾರಿ ಶಾಲೆ. ಒಂದರಿಂದ ಮೂರನೇ ಕ್ಲಾಸು ಒಟ್ಟಿಗೆ ಕೂತು ಆಟ, ಕಾರ್ಡುಗಳ ಮೂಲಕ ಕಲಿಯುವ ನಲಿ-ಕಲಿ ಕೊಠಡಿ ನನ್ನದು. ದೊಡ್ಡ ಮಕ್ಕಳ ಕೈತೋಟ ಎಷ್ಟೋ ಶಾಲೆಗಳಲ್ಲಿದೆ. ಆರು ವರ್ಷದವರಿಗೂ ಸ್ವಂತ ಪಾತಿ ಕೊಡುತ್ತೇನೆ ಅಂದಾಗ ಮಾತ್ರ ಜೊತೆಯ ಶಿಕ್ಷಕರೇ ನಂಬಲಿಲ್ಲ. "ಎಲ್ಲಾ ಕಿತ್ತು ಹಾಕ್ತಾವೆ ಬಿಡಿ ಮೇಡಂ" ಅಂದರು.

ಕಿತ್ತಿದ್ದೂ ನಿಜ. ಮೊದಲು ಕೊತ್ತಂಬರಿ ಬಿತ್ತಿಸಿದೆ. ಅದು ಮೊಳೆಯೋಕೆ ಎಂಟು-ಹತ್ತು ದಿನ ಬೇಕು, ಮಕ್ಕಳು ಮಾರನೇ ದಿನವೇ ಕೆದಕಿ ನೋಡಿದರು, ಅದರ ಮಾರನೇ ದಿನವೂ ನೋಡಿದರು, ವಾರ ಕಳೆಯುವಷ್ಟರಲ್ಲಿ ಪಾತಿಯಲ್ಲಿ ಬರೀ ಮಣ್ಣು. ಬೈದು ಪ್ರಯೋಜನ ಇಲ್ಲ, ನಾವು ಬೆನ್ನು ತಿರುಗಿಸಿದಾಗ ಕೆದಕುತ್ತಾರೆ, ಅಷ್ಟೇ. ಕೊನೆಗೆ ಕೆದಕೋಕೆ ಅಂತಲೇ ಒಂದು ಪಾತಿ ಬಿಟ್ಟೆ. ಅದರಲ್ಲಿ ಮೆಂತ್ಯ. ದಿನಕ್ಕೊಬ್ಬರು ಒಂದು ಕಾಳು ತೆಗೆದು ನೋಡಬೇಕು, ಚಿತ್ರ ಬರೆದು ಕೊಠಡಿಯೊಳಗೆ ದಾರ ಕಟ್ಟಿ ಮಾಡಿದ ಚಪ್ಪರಕ್ಕೆ ತೂಗು ಹಾಕಬೇಕು. ಉಬ್ಬಿದ ಕಾಳು, ಬಿಳಿ ಬೇರು, ಬಗ್ಗಿದ ಕುತ್ತಿಗೆ, ಎರಡು ಎಲೆ. ಮೂರ್ನಾಲ್ಕು ದಿನದಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡರು. ಆಮೇಲೆ ತಮ್ಮ ತಮ್ಮ ಪಾತಿಗೆ ಯಾರೂ ಕೈ ಹಾಕಲಿಲ್ಲ, ಬೇರೆಯವರಿಗೂ ಬಿಡಲಿಲ್ಲ.

ದುಡ್ಡು ಹೋಗಿದ್ದು ಬೀಜಕ್ಕಲ್ಲ, ಬೇಲಿಗೆ. ಬೀಜಕ್ಕೆ ವರ್ಷಕ್ಕೆ ಇನ್ನೂರು ರೂಪಾಯಿ ಆಗಿರಬಹುದು. ಬೇಲಿಗೆ ಮೊದಲು ಹಳೆ ಸೀರೆ ಕಟ್ಟಿದೆವು, ಮೇಕೆಗಳು ಅದರ ಕೆಳಗೇ ನುಗ್ಗಿದವು. ಜಾಲಿ ಮುಳ್ಳು ಹಾಕಿದರೆ ಮೇಕೆ ನಿಂತವು, ಮಕ್ಕಳ ಕಾಲಿಗೆ ಚುಚ್ಚಿತು. ಚೈನ್‌ಲಿಂಕ್ ಬೇಲಿಗೆ 18-20 ಸಾವಿರ ಅಂದಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎಲ್ಲರೂ ಸುಮ್ಮನಾದರು. ಕೊನೆಗೆ ಕೋಳಿ ಜಾಲರಿ ತಂದು, ಊರವರು ಕೊಟ್ಟ ಅಡಿಕೆ ದಬ್ಬೆಗೆ ಬಿಗಿದು, ಮೂರು ಸಾವಿರದೊಳಗೆ ಮುಗಿಸಿದೆ. ಅದರಲ್ಲಿ ಅರ್ಧ ನನ್ನ ಕೈಯಿಂದಲೇ. ಮೇಕೆ ಜಾಲರಿ ಮೇಲಿಂದ ಕತ್ತು ಚಾಚದ ಹಾಗೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಬಂದವರಿಗೆ ತೋರಿಸುತ್ತೇನೆ.

ನೀರಿಗೆ ಬಿಸಿಯೂಟದ ಕೈ ತೊಳೆಯುವ ನೀರೇ ಸಾಕು, ದಿನಕ್ಕೆ ನೂರು ಲೀಟರ್ ಹತ್ತಿರ ಬರುತ್ತೆ. ಪಾತ್ರೆ ತೊಳೆದ ನೀರು ಮಾತ್ರ ಬೇಡ. ಸೋಪು, ಸಾಂಬಾರಿನ ಜಿಡ್ಡು ಎಲ್ಲ ಸೇರಿ ಒಂದು ಸಾಲು ಬದನೆ ಸೊರಗಿಹೋಯಿತು.

ಪಾಠ ಎಲ್ಲಿ ಅಂತ ಕೇಳ್ತೀರಲ್ವಾ? ಪಾತಿಗೊಂದು ಒಡೆದ ಹೆಂಚಿನ ಚೂರು ನೆಟ್ಟಿದ್ದೇವೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಗಿಡದ ಹೆಸರು. ನೀರು ಹಾಕಿದಾಗ ಅಳಿಸಿಹೋಗುತ್ತೆ, ದಿನಾ ಮತ್ತೆ ಬರೆಯಬೇಕು. ಪೇಂಟ್ ಕೊಡ್ತೀನಿ ಅಂದವರಿಗೆ ಬೇಡ ಅಂದೆ, ಅಳಿಸಲಿ ಅಂತಲೇ ಸೀಮೆಸುಣ್ಣ. ಒಂದನೇ ಕ್ಲಾಸಿಗೆ ಬಸಳೆ, ಹರಿವೆ. ಒತ್ತಕ್ಷರಕ್ಕೆ ಬಂದವರಿಗೆ ನುಗ್ಗೆ, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಒತ್ತು ಕೊಡೋಕೆ ತಿಂಗಳುಗಟ್ಟಲೆ ಒದ್ದಾಡಿದ್ದ ಹುಡುಗಿಯೊಬ್ಬಳು ಪಕ್ಕದವನ ಹೆಂಚು ನೋಡಿ "ಲೋ, ತಕ್ಕೆ ಯ ಒತ್ತು ಎಲ್ಲೋ?" ಅಂತ ಗದರಿದ್ದು ನಾನೇ ಕೇಳಿದೆ. ಲೆಕ್ಕವೂ ಅಲ್ಲೇ. ಹತ್ತು ಕಾಳು ಹಾಕಿ ಏಳು ಬಂದರೆ ಎಷ್ಟು ಹೋಯಿತು? ಒಂದು ಕೊತ್ತಂಬರಿ ಕಾಳು ಹೊಸಕಿದರೆ ಎರಡು ಹೋಳು, ಹಾಗಾದರೆ ಇಪ್ಪತ್ತು ಹೊಸಕಿದರೆ?

ಒಂದು ಆಸೆಗೆ ದವನವನ್ನೂ ಹಾಕಿದೆ. ನಲಿ-ಕಲಿಯಲ್ಲಿ ಮೊದಲು ಕಲಿಸುವ ರ ಗ ಸ ದ ಅ, ಜ ವ ಮ ಬ ನ ಅಕ್ಷರಗಳ ಕಾರ್ಡು ಮುಗಿಸಿದ ಮಗು ಪೂರ್ತಿ ಹೆಸರು ಬರೆಯಬಹುದಾದ ಗಿಡ ಅದು, ಕಾಗುಣಿತವೇ ಬೇಡ! ನಮ್ಮ ಬಿಸಿಲಿಗೆ ಬಹಳ ಸಸಿ ಒಣಗಿದವು, ಎರಡು ಕುಂಡ ಉಳಿದಿವೆ. ಈ ಸಲ ಚಳಿ ಶುರುವಾದ ಮೇಲೆ ಮತ್ತೆ ಹಾಕುತ್ತೇನೆ.

ಯಾರೂ ಹೇಳದ ಕಷ್ಟ ಒಂದಿದೆ. ಬೆಳೆದ ಸೊಪ್ಪನ್ನು ಮಕ್ಕಳು ಕೊಯ್ಯೋಕೇ ಬಿಡಲ್ಲ. ಅಡುಗೆ ಅಕ್ಕ ಕುಡುಗೋಲು ತಂದಾಗ ಒಬ್ಬ ಹುಡುಗ ಪಾತಿಗೆ ಅಡ್ಡ ಕೂತು ಅತ್ತ. ಹಾಗಾಗಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅನ್ನೋ ಹರಿವೆ ತಳಿಗೆ ಬದಲಾಯಿಸಿದೆ. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತೆ. ಬೆರಳಿಟ್ಟು ಅಳೆದು ಕೊಯ್ಯೋದೂ ಈಗ ಮಕ್ಕಳೇ, ಸಾಂಬಾರಿನಲ್ಲಿ ತಮ್ಮ ಸೊಪ್ಪು ಹುಡುಕೋದೂ ಅವರೇ.

ಶುರು ಮಾಡುವವರು ದಸರಾ ರಜೆ ಲೆಕ್ಕ ಹಾಕಿ ಬಿತ್ತಿ. ಮೆಂತ್ಯ, ಹರಿವೆ 25-30 ದಿನಕ್ಕೆ ಕೊಯ್ಲಿಗೆ ಬರುತ್ತವೆ, ರಜೆಗೆ ಮುಂಚೆ ಮುಗಿಯಬೇಕು. ಬೆಂಡೆಗೆ 45-50 ದಿನ ಬೇಕು, ಅದನ್ನು ರಜೆ ಮುಗಿದ ಮೇಲೆ ಹಾಕಿ. ರಜೆಯಲ್ಲಿ ನೀರು ಹಾಕ್ತೀನಿ ಅಂತ ಎಲ್ಲರೂ ಹೇಳ್ತಾರೆ, ಯಾರೂ ಬರಲ್ಲ.