ಸ್ಕಾಟ್ಲೆಂಡಿಗೆ ಹೊರಟಿದ್ದೀರಾ? ಲಂಡನ್ನಿನ ಲೆಕ್ಕ ಪಕ್ಕಕ್ಕಿಡಿ

ಹೋದ ಭಾನುವಾರ ಮಂಡ್ಯದ ಹುಡುಗನೊಬ್ಬ ಸರಸ್ವತಿಪುರಂನ ನಮ್ಮ ಮನೆಗೆ ಬಂದಿದ್ದ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕೆಲಸ ಸಿಕ್ಕಿದೆ. ಹೆಂಡತಿ, ಐದು ವರ್ಷದ ಮಗಳ ಜೊತೆ ಹೊರಟಿದ್ದಾನೆ. ಕೈಯಲ್ಲೊಂದು ನೋಟ್‌ಬುಕ್. ಲಂಡನ್ನಿನ ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದನ್ನೆಲ್ಲ ಮುದ್ದಾಗಿ ಬರೆದುಕೊಂಡಿದ್ದ. ಓದುತ್ತಾ ಹೋದೆ. ಅರ್ಧಕ್ಕರ್ಧ ಗ್ಲಾಸ್ಗೋಗೆ ಹೊಂದುವುದೇ ಇಲ್ಲ. ಚಿಕ್ಕಪ್ಪ ಸುಳ್ಳು ಹೇಳಿಲ್ಲ, ಅವರು ಹೇಳಿದ್ದು ಇಂಗ್ಲೆಂಡಿನ ಲೆಕ್ಕ ಅಷ್ಟೆ. ಅಲ್ಲಿನ ರಾಜಧಾನಿ ಎಡಿನ್‌ಬರೋದಲ್ಲಿ ಹನ್ನೊಂದು ವರ್ಷ ಇದ್ದು ಬಂದ ನಾನೂ ಮೊದಮೊದಲು ಇದೇ ತಪ್ಪು ಮಾಡಿದ್ದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಾತು ಶುರು ಮಾಡಿದ್ದು ಮೈಸೂರಿನಿಂದಲೇ. 1947ರಲ್ಲಿ ಜಯಚಾಮರಾಜೇಂದ್ರ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ಸಂಸ್ಥಾನದ ಒಂದೊಂದೇ ವ್ಯವಸ್ಥೆ ದೊಡ್ಡದರೊಳಗೆ ಕರಗುತ್ತಾ ಬಂತು. 1881ರ ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಮುಗಿಯಿತು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯಿತು. ಈಗ ಕಥೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಸೇರುವಾಗ ನಮ್ಮವರು ಒಂದು ಷರತ್ತು ಹಾಕಿದ್ದರು ಅಂದುಕೊಳ್ಳಿ. ಸೈನ್ಯ, ಪಾಸ್‌ಪೋರ್ಟ್ ಎಲ್ಲ ದೆಹಲಿ ನೋಡಿಕೊಳ್ಳಲಿ; ಕೋರ್ಟು, ಜಮೀನಿನ ಕಾನೂನು, ಶಾಲೆ ಮಾತ್ರ ಮೈಸೂರಿನವೇ ಇರಲಿ. ಆ ಷರತ್ತು ಇವತ್ತಿಗೂ ನಡೆಯುತ್ತಿದೆ ಅಂತಲೂ ಇಟ್ಟುಕೊಳ್ಳಿ. ಹೊಸೂರಿನಿಂದ ಅತ್ತಿಬೆಲೆಗೆ ಬಂದ ಕೂಡಲೇ ಮನೆ ಕೊಳ್ಳುವ ರೀತಿ ಬೇರೆ, ಮಕ್ಕಳ ಪಾಲಿನ ಲೆಕ್ಕ ಬೇರೆ!

ನಮ್ಮಲ್ಲಿ ಇದು ಬರೀ ಊಹೆ. ಸ್ಕಾಟ್ಲೆಂಡಿನಲ್ಲಿ ನಿಜವಾಗಿ ನಡೆದಿದ್ದು ಇದೇ. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲಿಷ್ ಸೈನ್ಯವನ್ನು ಸೋಲಿಸಿದ್ದ ರಾಜ್ಯ ಅದು. 1603ರಲ್ಲಿ ಎರಡೂ ದೇಶಕ್ಕೆ ಒಬ್ಬನೇ ರಾಜನಾದ. 1707ರ ಮೇ 1ರಂದು ಎರಡು ಸಂಸತ್ತುಗಳೂ ಒಂದಾದವು. ಆದರೆ ಒಪ್ಪಂದದಲ್ಲೇ ಸ್ಕಾಟಿಷ್ ಕಾನೂನು, ಕೋರ್ಟು ಹಾಗೇ ಉಳಿಯಬೇಕು ಅಂತ ಬರೆಸಿಕೊಂಡರು. ಐದನೇ ಜೇಮ್ಸ್ ದೊರೆ 1532ರಲ್ಲಿ ಕಟ್ಟಿದ ಸಿವಿಲ್ ಕೋರ್ಟು 'ಕೋರ್ಟ್ ಆಫ್ ಸೆಷನ್' ಈಗಲೂ ಎಡಿನ್‌ಬರೋದಲ್ಲಿ ನಡೆಯುತ್ತಿದೆ. 1999ರಲ್ಲಿ ಸಂಸತ್ತೂ ವಾಪಸ್ ಬಂತು. ಸಿಂಹಾಸನ ಬೇರೆ ಇಲ್ಲ, ಸೈನ್ಯ ಬೇರೆ ಇಲ್ಲ. ಆದರೆ ದಿನನಿತ್ಯದ ಬದುಕು ನಡೆಯುವ ಜಾಗದಲ್ಲೆಲ್ಲ ಹಳೇ ರಾಜ್ಯ ಜೀವಂತವಾಗಿದೆ.

ವೀಸಾ, ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಇವೆಲ್ಲ ಇಡೀ ಬ್ರಿಟನ್ನಿಗೆ ಒಂದೇ. ಇಲ್ಲಿ ಚಿಕ್ಕಪ್ಪನ ಮಾತು ಕೇಳಿ. ಸಂಬಳದ ಮೇಲಿನ ತೆರಿಗೆಯ ದರ ಮಾತ್ರ ಎಡಿನ್‌ಬರೋದಲ್ಲಿ ತೀರ್ಮಾನವಾಗುತ್ತದೆ. ಪೇಸ್ಲಿಪ್ ಬಂದ ಕೂಡಲೇ ಟ್ಯಾಕ್ಸ್ ಕೋಡ್ ನೋಡಿ. ಅದು 'ಎಸ್' ಅಕ್ಷರದಿಂದ ಶುರುವಾಗಬೇಕು. ಇಲ್ಲದಿದ್ದರೆ ತೆರಿಗೆ ಇಲಾಖೆಗೆ ನಿಮ್ಮ ಸ್ಕಾಟ್ಲೆಂಡಿನ ವಿಳಾಸ ತಿಳಿಸಿ.

ಬಾಡಿಗೆ ಮನೆಯ ವಿಷಯದಲ್ಲಿ ಕಾನೂನು ಬಾಡಿಗೆದಾರರ ಕಡೆಗಿದೆ. 2017ರ ಡಿಸೆಂಬರ್‌ನಿಂದ ಹೊಸ ಕರಾರುಗಳಿಗೆ 'ಹನ್ನೊಂದು ತಿಂಗಳು' ಥರದ ಗಡುವೇ ಇಲ್ಲ. ಬಿಡಬೇಕಾದರೆ ನೀವು 28 ದಿನದ ನೋಟಿಸ್ ಕೊಟ್ಟರೆ ಸಾಕು. ಮಾಲೀಕರು ಸುಮ್ನೆ ಬಿಡಿಸುವ ಹಾಗಿಲ್ಲ, ಕಾನೂನಿನಲ್ಲಿರುವ ಕಾರಣ ತೋರಿಸಬೇಕು. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನು ಅವರೇ ಇಟ್ಟುಕೊಳ್ಳುವಂತೆಯೂ ಇಲ್ಲ. ಸರ್ಕಾರ ಒಪ್ಪಿದ ಮೂರನೆಯವರ ಬಳಿ 30 ಕೆಲಸದ ದಿನದೊಳಗೆ ಇಡಬೇಕು. ಮಾಲೀಕರು ನೋಂದಣಿ ಆಗಿದ್ದಾರಾ ಅಂತ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನೋಡಿಯೇ ದುಡ್ಡು ಕೊಡಿ. ಯೂನಿವರ್ಸಿಟಿ ಹಾಸ್ಟೆಲ್ಲಿಗೆ ಹೋಗುವವರಿಗೆ ಈ ಕರಾರು ಅನ್ವಯಿಸುವುದಿಲ್ಲ ಅನ್ನುವುದು ನೆನಪಿರಲಿ.

ಮನೆ ಕೊಳ್ಳುವುದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಾನು ಸೋತಿದ್ದು ಅಲ್ಲೇ. ಎಡಿನ್‌ಬರೋದ ಬಂದರಿನ ಕಡೆಯ ಲೀತ್‌ನಲ್ಲಿ ಒಂದು ಫ್ಲ್ಯಾಟ್ ನೋಡಿದ್ದೆವು. ಎರಡನೇ ಮಹಡಿ, ಅಡುಗೆಮನೆ ಕಿಟಕಿಯಿಂದ ಸಮುದ್ರದ ಒಂದು ಚೂರು ಕಾಣುತ್ತಿತ್ತು. ಜಾಹೀರಾತಿನಲ್ಲಿ 'ಆಫರ್ಸ್ ಓವರ್' ಅಂತ ಒಂದು ಬೆಲೆ ಹಾಕಿದ್ದರು. ನಮ್ಮೂರ ಅಭ್ಯಾಸ, ಅದಕ್ಕಿಂತ ಕಮ್ಮಿಗೆ ಕೇಳಿ ಆಮೇಲೆ ಚೌಕಾಸಿ ಮಾಡೋಣ ಅಂದುಕೊಂಡೆ. ಚೌಕಾಸಿಗೆ ಅವಕಾಶವೇ ಸಿಗಲಿಲ್ಲ. ಅಲ್ಲಿ 'ಆಫರ್ಸ್ ಓವರ್' ಅಂದರೆ ಬೆಲೆ ಅಲ್ಲಿಂದ ಮೇಲಕ್ಕೆ ಅಂತ. ಕೊಳ್ಳುವವರು ಜಾಸ್ತಿ ಇದ್ದರೆ 'ಕ್ಲೋಸಿಂಗ್ ಡೇಟ್' ಇಡುತ್ತಾರೆ. ಆ ದಿನ ಎಲ್ಲರ ವಕೀಲರೂ ಒಂದೊಂದು ಮೊತ್ತ ಬರೆದು ಕಳಿಸುತ್ತಾರೆ. ಇನ್ನೊಬ್ಬರು ಎಷ್ಟು ಬರೆದರು ಅಂತ ನಿಮಗೆ ಗೊತ್ತಾಗುವುದಿಲ್ಲ. ಮತ್ತೊಂದು ಸುತ್ತು ಸಾಮಾನ್ಯವಾಗಿ ಇರುವುದಿಲ್ಲ.

ಅದಕ್ಕೇ ಮೊದಲು 'ಹೋಮ್ ರಿಪೋರ್ಟ್' ಓದಿ. 2008ರಿಂದ ಮಾರುವವರೇ ಇದನ್ನು ಮಾಡಿಸಿ ಕೊಡಬೇಕು. ಎಲ್ಲಿ ತೇವ ಇದೆ, ಛಾವಣಿ ಹೇಗಿದೆ, ಮನೆಯ ಮೌಲ್ಯ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಬ್ಯಾಂಕು ಸಾಲ ಕೊಡುವುದು ಆ ಮೌಲ್ಯದ ಲೆಕ್ಕದಲ್ಲಿ. ಅದಕ್ಕಿಂತ ಮೇಲೆ ನೀವು ಬರೆದ ಪ್ರತಿ ಪೌಂಡೂ ನಿಮ್ಮ ಜೇಬಿನಿಂದಲೇ ಹೋಗಬೇಕು. ಈ ಒಂದು ಮಾತು ಗೊತ್ತಿಲ್ಲದೆ ಒದ್ದಾಡಿದ ಕನ್ನಡದ ಮನೆಗಳನ್ನು ನೋಡಿದ್ದೇನೆ. ಎರಡೂ ಕಡೆಯ ವಕೀಲರು ಪತ್ರ ಬರೆದುಕೊಂಡು ಒಪ್ಪಿಗೆ ಮುಗಿಸಿದರೆ, ಅದಕ್ಕೆ 'ಮಿಸಿವ್ಸ್' ಅನ್ನುತ್ತಾರೆ, ಅಲ್ಲಿಗೆ ಇಬ್ಬರೂ ಕಟ್ಟುಬಿದ್ದ ಹಾಗೆ. ಆದ್ದರಿಂದ ಮನೆ ಹುಡುಕುವ ಮೊದಲೇ ಸ್ಕಾಟ್ಲೆಂಡಿನ ವಕೀಲರನ್ನು ಗೊತ್ತು ಮಾಡಿಕೊಳ್ಳಿ. ಲಂಡನ್ನಿನ ವಕೀಲರಿಂದ ಈ ಕೆಲಸ ಆಗುವುದಿಲ್ಲ.

ಹಿಂದೆ ಅಲ್ಲಿ ಜಮೀನು ಕೈ ಬದಲಾಗುವಾಗ ಆ ನೆಲದ ಮೇಲೇ ನಿಂತು ಒಂದು ಹಿಡಿ ಮಣ್ಣು, ಒಂದು ಕಲ್ಲು ಕೈಗೆ ಕೊಡಬೇಕಿತ್ತು. ಅದನ್ನು 'ಸೇಸಿನ್' ಅನ್ನುತ್ತಿದ್ದರು. ಅದನ್ನು ಬರೆದಿಡುವ ದೇಶದ ರಿಜಿಸ್ಟರ್ 1617ರಲ್ಲಿ ಶುರುವಾಯಿತು. ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದು ಏಳು ವರ್ಷವಾಗಿತ್ತು, ನೋಡಿ. ನಮ್ಮಲ್ಲಿ ಇನಾಂ ರದ್ದು ಮಾಡುವ ಕಾನೂನು 1954ರಲ್ಲೇ ಬಂತು. ಅಲ್ಲಿ ಜಹಗೀರು ಪದ್ಧತಿ ಕಾನೂನಿನಿಂದ ಪೂರ್ತಿ ಹೋಗಿದ್ದು 2004ರ ನವೆಂಬರ್ 28ರಂದು! ಹಳೇ ಮನೆಯ ಪತ್ರದಲ್ಲಿ 'ಫ್ಯೂ' ಅನ್ನುವ ಪದ ಕಂಡರೆ ಗಾಬರಿ ಬೇಡ, ಅದು ಆ ಕಾಲದ್ದು.

ಶಾಲೆ ಆಗಸ್ಟ್ ಮಧ್ಯದಲ್ಲಿ ಶುರು. ಮೊದಲ ತರಗತಿಗೆ 'ಪಿ1' ಅನ್ನುತ್ತಾರೆ. ವಯಸ್ಸಿನ ಲೆಕ್ಕ ಮಾರ್ಚ್‌ನಿಂದ ಫೆಬ್ರವರಿಗೆ, ಇಂಗ್ಲೆಂಡಿನ ಹಾಗೆ ಸೆಪ್ಟೆಂಬರ್‌ನಿಂದ ಅಲ್ಲ. ದೊಡ್ಡ ಮಕ್ಕಳು ಇಂಗ್ಲೆಂಡಿನ ಎ ಲೆವೆಲ್ ಬದಲು 'ಹೈಯರ್' ಪರೀಕ್ಷೆ ಬರೆಯುತ್ತಾರೆ. ಆನರ್ಸ್ ಡಿಗ್ರಿ ನಾಲ್ಕು ವರ್ಷ.

ಹುಡುಗನ ನೋಟ್‌ಬುಕ್ಕಿನಲ್ಲಿ 'ಒಂದೊಂದು ಔಷಧಿಗೂ ಹತ್ತಿರ ಹತ್ತಿರ 10 ಪೌಂಡ್' ಅಂತಿತ್ತು. ಅದನ್ನು ನಾನೇ ಹೊಡೆದು ಹಾಕಿದೆ. ಸ್ಕಾಟ್ಲೆಂಡಿನಲ್ಲಿ 2011ರಿಂದ ಡಾಕ್ಟರ್ ಬರೆದುಕೊಟ್ಟ ಔಷಧಿಗೆ ದುಡ್ಡಿಲ್ಲ. ಅವನ ಮಗಳಿಗೆ ಉಬ್ಬಸ ಇದೆ. ಜೊತೆಗೆ ಬಂದಿದ್ದ ಆ ತಾಯಿಯ ಮುಖ ಹಗುರಾಗಿದ್ದನ್ನು ಕಂಡು ನನಗೂ ಸಮಾಧಾನವಾಯಿತು. ಅಲ್ಲಿಗೆ ಹೋದ ವಾರದಲ್ಲೇ ಹತ್ತಿರದ ಜಿಪಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಬಳಿ, ಹೆಸರು ಬರೆಸಿ.

ಅಲ್ಲೇ ನೆಲೆ ನಿಲ್ಲುವ ಯೋಚನೆ ಇದ್ದವರಿಗೆ ಇನ್ನೊಂದು ಮಾತು. ವಿಲ್‌ನಲ್ಲಿ ಏನೇ ಬರೆದರೂ ಹೆಂಡತಿ ಅಥವಾ ಗಂಡನನ್ನು, ಮಕ್ಕಳನ್ನು ಪೂರ್ತಿ ಕೈಬಿಡುವ ಹಾಗಿಲ್ಲ. ಮನೆ, ಜಮೀನು ಬಿಟ್ಟು ದುಡ್ಡು, ಷೇರು, ಒಡವೆಯಂಥ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಸಂಗಾತಿಗೆ, ಒಂದು ಪಾಲು ಮಕ್ಕಳೆಲ್ಲರಿಗೆ. ಹೆಣ್ಣು ಗಂಡು ಭೇದ ಇಲ್ಲ. ನನಗೆ ಇಲ್ಲಿ ನಮ್ಮ ಸಂಸ್ಥಾನದ ನೆನಪಾಗುತ್ತದೆ. ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಮೈಸೂರು 1933ರಲ್ಲೇ ಕಾನೂನು ಮಾಡಿತ್ತು. ಬ್ರಿಟಿಷ್ ಇಂಡಿಯಾ ಅಂಥದ್ದನ್ನು ತಂದಿದ್ದು 1937ರಲ್ಲಿ. ಷರತ್ತು ಹಾಕಿ ಸೇರಿದ್ದರೆ ಆ ದಾರಿ ಎಲ್ಲಿಗೆ ಹೋಗುತ್ತಿತ್ತೋ!

ಭಾರತದ ಪಾಸ್‌ಪೋರ್ಟ್ ಇದ್ದರೂ ಅಲ್ಲಿ ವಾಸವಿರುವವರಿಗೆ ಓಟು ಇದೆ, ನಾವು ಕಾಮನ್‌ವೆಲ್ತ್‌ನವರು ಅಲ್ವಾ. ಹೆಸರು ಬರೆಸಿಕೊಳ್ಳಿ. ಸ್ಕಾಟಿಷ್ ಚುನಾವಣೆಗೆ 16 ತುಂಬಿದರೆ ಸಾಕು.

ಹೊರಡುವಾಗ ಹುಡುಗನಿಗೆ ನನ್ನ ಬಳಿ ಉಳಿದಿದ್ದ ಹತ್ತು ಪೌಂಡಿನ ನೋಟು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದ. 'ಬ್ಯಾಂಕ್ ಆಫ್ ಸ್ಕಾಟ್ಲೆಂಡ್' ಅಂತಿತ್ತು. ಅದು 1695ರ ಬ್ಯಾಂಕು, ಸಂಸತ್ತುಗಳು ಒಂದಾಗುವುದಕ್ಕೆ ಮುಂಚಿನದು, ಇನ್ನೂ ತನ್ನದೇ ನೋಟು ಅಚ್ಚು ಹಾಕುತ್ತದೆ. ಗ್ಲಾಸ್ಗೋ ಮುಟ್ಟಿದ ಮೇಲೆ ಖರ್ಚು ಮಾಡು, ಲಂಡನ್ನಿನ ಅಂಗಡಿಯಲ್ಲಿ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡುತ್ತಾರೆ ಅಂದೆ. ಅದನ್ನು ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಂಡು ಮಂಡ್ಯದ ಬಸ್ಸಿಗೆ ಹೊರಟ.