ಸೀಡ್ ಗ್ರಾಂಟಿಗೆ ಬರೆಯೋ ಮುಂಚೆ ಕೊಟ್ಟಿಗೆಗೆ ಹೋಗಿ ಬನ್ನಿ

ಹಾಸನದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು, ಪಿಎಚ್‌ಡಿ ಹುಡುಗ್ರು ಪ್ರಾಣಿ ತಳಿಶಾಸ್ತ್ರದ ಮೇಲೆ ಸೀಡ್ ಗ್ರಾಂಟಿಗೆ (ಸಂಶೋಧನೆ ಶುರು ಮಾಡೋಕೆ ಕೊಡೋ ಸಣ್ಣ ಹಣ) ಬರೆದ ಪ್ರಪೋಸಲ್‌ಗಳನ್ನ ತುಂಬಾ ದಿನದಿಂದ ಓದ್ತಾ ಬಂದಿದೀನಿ. ಭಾಷೆ ಚೆನ್ನಾಗಿರತ್ತೆ, ಗ್ರಾಫು ಚೆನ್ನಾಗಿರತ್ತೆ, ಆದ್ರೆ ಡಿಎನ್‌ಎ ತೆಗೆಯೋಕೆ ತರೋ ರಕ್ತ ಯಾವ ದನದ್ದು ಅಂತ ಕೇಳಿದ ತಕ್ಷಣ ಮಾತು ನಿಂತೋಗತ್ತೆ. ಅದಕ್ಕೇ ಇದನ್ನ ಬರೀತಿದೀನಿ.

ಮೊದಲನೇದು, ಪ್ರಶ್ನೆ ಸಣ್ಣದಿರ್ಲಿ. ಯೂನಿವರ್ಸಿಟಿ ಸೀಡ್ ಗ್ರಾಂಟ್ ಕೊಡೋದು ಒಂದಿಷ್ಟು ಆರಂಭದ ಡೇಟಾ ಮಾಡ್ಕೊಂಡು ಆಮೇಲೆ ಕೇಂದ್ರದ ಡಿಬಿಟಿನೋ (ಬಯೋಟೆಕ್ನಾಲಜಿ ಇಲಾಖೆ) ಎಎನ್‌ಆರ್‌ಎಫ್‌ನೋ (ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ದೊಡ್ಡ ಗ್ರಾಂಟು ಕೇಳೋ ಹಾಗಾಗ್ಲಿ ಅಂತ. "ಹಳ್ಳಿಕಾರ್ ತಳಿಯ ಸಂಪೂರ್ಣ ಜೀನೋಮ್ ಅಧ್ಯಯನ" ಅಂತ ಹಾಕಿದ್ರೆ ಈ ದುಡ್ಡಲ್ಲಿ ಅದು ಮುಗಿಯಲ್ಲ. ಅದರ ಬದಲು, ಅಜ್ಜಂಪುರದ ತಳಿ ಕೇಂದ್ರದಲ್ಲಿರೋ ಅಮೃತ ಮಹಲ್ ರಾಸುಗೂ ಸುತ್ತಲ ಹಳ್ಳೀಲಿ ಸಾಕಿರೋ ರಾಸುಗೂ ಎಷ್ಟು ವ್ಯತ್ಯಾಸ ಅಂತ ಕೇಳಿ, ಇಲ್ಲಾ ಮೂಡಿಗೆರೆ, ಕೊಪ್ಪದ ಮಲೆನಾಡು ಗಿಡ್ಡ ತಳಿಯಲ್ಲಿ ಜೆರ್ಸಿ ಎಷ್ಟು ಬೆರೆತಿದೆ ಅಂತ ಕೇಳಿ. ನಾಟಿ ಹಸು ಹಾಲು ಎ2 (ಹಾಲಿನ ಬೀಟಾ-ಕೇಸೀನ್ ಪ್ರೋಟೀನಿನ ಒಂದು ಬಗೆ) ಹೌದೋ ಅಲ್ವೋ ಅನ್ನೋ ವಿಷಯ ಮಾತ್ರ ದಯವಿಟ್ಟು ಬೇಡ. ನಮ್ಮ ದೇಸಿ ತಳಿಗಳಲ್ಲಿ ಎ2 ಜಾಸ್ತಿ ಅಂತ ಆಗ್ಲೇ ಸಾಕಷ್ಟು ಜನ ತೋರ್ಸಿದಾರೆ, ಅದೇ ಇನ್ನೊಂದ್ಸಲ ಬಂದ್ರೆ ಕಮಿಟಿಯವರು ಓದಿ ಪಕ್ಕಕ್ಕಿಡ್ತಾರೆ.

ಈಗ ಎಲ್ರೂ ಎಡವೋ ಜಾಗ, ಸ್ಯಾಂಪಲ್.

ಒಂದೇ ಫಾರಂಗೆ ಹೋಗಿ ಒಂದೇ ಬೆಳಿಗ್ಗೆ ನಲವತ್ತು ರಾಸಿನ ರಕ್ತ ತಗೊಂಡ್ ಬರೋದು ಸುಲಭ, ಆದ್ರೆ ಅದ್ರಲ್ಲಿ ಅರ್ಧಕ್ಕರ್ಧ ಒಂದೇ ಬೀಜದ ಹೋರಿಯ ಮಕ್ಳಾಗಿದ್ರೆ ನೀವು ಅಳೆದಿದ್ದು ತಳಿಯನ್ನಲ್ಲ, ಒಂದು ಸಂಸಾರವನ್ನ. ಹಳ್ಳೀಲೂ ಇದೇ ಕಥೆ, ಊರಿಗೆಲ್ಲ ಒಂದೇ ಹೋರಿ ಇರತ್ತೆ. ಹಾಗಾಗಿ ಒಂದೂರಲ್ಲಿ ಎರಡು ಮೂರಕ್ಕಿಂತ ಜಾಸ್ತಿ ತಗೋಬೇಡಿ, ಅಕ್ಕಪಕ್ಕದ ಮನೆ ಬಿಟ್ಟು ಹೋಗಿ, ಕೂತು ಮಾತಾಡಿ, "ಯಜಮಾನ್ರೇ, ಇದು ಮನೇಲಿ ಹುಟ್ಟಿದ್ದಾ, ಸಂತೇಲಿ ತಂದಿದ್ದಾ, ಇದರ ಅಪ್ಪ ಯಾವ ಹೋರಿ, ಇಲ್ಲಾ ಇಂಜೆಕ್ಷನ್ನಾ (ಕೃತಕ ಗರ್ಭಧಾರಣೆ)" ಅಂತ ಕೇಳಿ, ಹೇಳಿದ್ದನ್ನ ಅಲ್ಲೇ ಬರ್ಕೊಳಿ. ಅಜ್ಜ ಅಜ್ಜಿ ತನಕ ಸಂಬಂಧ ಇಲ್ದಿರೋ 25 ರಾಸಾದ್ರೂ ಬೇಕು, 40 ಆದ್ರೆ ನನಗೆ ಸಮಾಧಾನ. ಜಾತ್ರೇಲಿ ಎಲ್ಲಾ ಊರಿನ ರಾಸೂ ಸಿಗತ್ತಲ್ಲ ಅಂತ ಅಲ್ಲಿಗೆ ಓಡ್ಬೇಡಿ, ವ್ಯಾಪಾರ ಕುದುರೋ ಮುಂಚೆ ಸೂಜಿ ಚುಚ್ಚೋಕೆ ಯಾವ ರೈತನೂ ಬಿಡಲ್ಲ, ಬಿಡದೇ ಇರೋದು ಸರಿನೂ ಹೌದು. ಕಿವಿ ಓಲೆಯ (ಟ್ಯಾಗಿನ) 12 ಅಂಕಿ ಪೂರ್ತಿ ಬರ್ಕೊಳಿ, ಓಲೆ ಇಲ್ದಿದ್ರೆ ಎರಡೂ ಕಡೆಯಿಂದ ಫೋಟೋ.

ರಕ್ತ ಹಾಕೋ ಟ್ಯೂಬು ನೇರಳೆ ಮುಚ್ಚಳದ ಇಡಿಟಿಎದೇ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ರಾಸಾಯನಿಕ) ಆಗ್ಬೇಕು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಅಂಗಡೀಲಿ ಇದೆ ಅಂತ ತಂದ್ರೆ ಪಿಸಿಆರ್ (ಡಿಎನ್‌ಎನ ಎಷ್ಟೋ ಪಟ್ಟು ನಕಲು ಮಾಡೋ ವಿಧಾನ) ಕೈಕೊಡತ್ತೆ. ಅವಧಿ ಮುಗಿದ ಟ್ಯೂಬನ್ನ ಕಡಿಮೆ ರೇಟಿಗೆ ಕೊಡೋರಿದಾರೆ, ಅದ್ರಲ್ಲಿ ರಕ್ತ ಸರಿಯಾಗಿ ಎಳ್ಕೊಳಲ್ಲ, ಹೆಪ್ಪೂ ಕಟ್ಟತ್ತೆ. ಕತ್ತಿನ ನಾಳದಿಂದ 5ರಿಂದ 10 ಎಂಎಲ್ ಸಾಕು, ತೆಗೆದ ತಕ್ಷಣ ಎಂಟು ಹತ್ತು ಸಲ ನಿಧಾನಕ್ಕೆ ತಲೆಕೆಳಗೆ ಮಾಡಿ, ಕುಲುಕ್ಬೇಡಿ. ಬಾಲ್ ಪೆನ್ನಲ್ಲಿ ನಂಬರ್ ಬರೆದ್ರೆ ಐಸ್ ಬಾಕ್ಸಿನ ನೀರಿಗೆ ಅಳಿಸೋಗತ್ತೆ, ಮಾರ್ಕರ್‌ನಲ್ಲಿ ಬರೆದು ಮೇಲೊಂದು ಟೇಪ್ ಸುತ್ತಿ.

ಡಿಎನ್‌ಎ ಪರೀಕ್ಷೆಯ ವಿಧಾನ ಆರಿಸೋದು ಇಷ್ಟು ಕಷ್ಟ ಇಲ್ಲ. ದುಡ್ಡು ಕಡಿಮೆ ಇದ್ರೆ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ದನಗಳಿಗೆ ಅಂತ ಸೂಚಿಸಿರೋ 30 ಮೈಕ್ರೋಸ್ಯಾಟಲೈಟ್ ಮಾರ್ಕರ್‌ಗಳು (ಡಿಎನ್‌ಎಯಲ್ಲಿ ಒಂದೊಂದು ರಾಸಿಗೂ ವ್ಯತ್ಯಾಸ ತೋರ್ಸೋ ಗುರುತಿನ ಜಾಗಗಳು), ಸ್ವಲ್ಪ ಜಾಸ್ತಿ ಇದ್ರೆ ಹೈದರಾಬಾದಿನ ಎನ್‌ಐಎಬಿ (ರಾಷ್ಟ್ರೀಯ ಪ್ರಾಣಿ ಬಯೋಟೆಕ್ನಾಲಜಿ ಸಂಸ್ಥೆ) ಮಾಡಿರೋ ಇಂಡಿಗೌ ಚಿಪ್, ಅಂದ್ರೆ ಸಾವಿರಾರು ಮಾರ್ಕರ್‌ಗಳನ್ನ ಒಂದೇ ಸಲ ಓದೋ ಸಾಧನ. 2021ರಲ್ಲಿ ಬಂದ ಇದ್ರಲ್ಲಿ 11,496 ಮಾರ್ಕರ್ ಇವೆ, ನಮ್ಮ ದೇಸಿ ತಳಿಗಳಿಗೇ ಅಂತ ಮಾಡಿರೋದು. ಹೊರಗಿನ ತಳಿಗಳನ್ನ ಮುಖ್ಯವಾಗಿ ಇಟ್ಕೊಂಡು ಮಾಡಿದ ಚಿಪ್ಪಲ್ಲಿ ನಮ್ಮ ದನದ ವೈವಿಧ್ಯ ಇರೋದಕ್ಕಿಂತ ಕಡಿಮೆ ಕಾಣೋ ಸಾಧ್ಯತೆ ಇದೆ, ಅದಕ್ಕೇ ನನ್ನ ಓಟು ಇದಕ್ಕೆ.

ಬಜೆಟ್ಟಲ್ಲಿ ಉಪಕರಣ ಕೇಳ್ಬೇಡಿ. ಸೀಡ್ ಹಣದಲ್ಲಿ ಮಷೀನ್ ತಗೊಂಡು ಕೆಮಿಕಲ್‌ಗೆ ದುಡ್ಡಿಲ್ದೆ ಕವರ್ ಹೊದ್ದಿಸಿಟ್ಟಿರೋದನ್ನ ನೋಡಿದೀನಿ, ಹೊಟ್ಟೆ ಉರಿಯತ್ತೆ. ಜೀಪಿನ ಡೀಸೆಲ್, ದನ ಹಿಡಿಯೋರ ಕೂಲಿ, ಡ್ರೈ ಐಸಲ್ಲಿ ಕೊರಿಯರ್ ಇವೆಲ್ಲಾ ಬರೀರಿ. ಕೊಟೇಶನ್ ಜಿಎಸ್‌ಟಿ ಸೇರ್ಸಿಯೇ ತಗೊಳಿ. ಹತ್ತರಲ್ಲಿ ಒಂದು ಸ್ಯಾಂಪಲ್ ಕೆಡತ್ತೆ ಅಂತ ಇಟ್ಕೊಂಡು ಮತ್ತೆ ಮಾಡೋ ಖರ್ಚನ್ನೂ ಸೇರ್ಸಿ.

ಎಥಿಕ್ಸ್ ಕಮಿಟಿ ಒಪ್ಪಿಗೆಗೆ ಅರ್ಜಿ ಮೊದ್ಲೇ ಹಾಕಿ, ರೈತರ ಒಪ್ಪಿಗೆ ಪತ್ರ ಕನ್ನಡದಲ್ಲೇ ಇರ್ಲಿ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯತ್ತೆ, ಖರ್ಚಿನ ಸರ್ಟಿಫಿಕೇಟ್ ಕೊಡ್ಬೇಕು, ಹಾಗಾಗಿ ಜನವರಿಗೆ ಮುಂಚೆ ಲ್ಯಾಬ್ ಬಿಲ್ ಮುಗಿಸ್ಕೊಳಿ.

ತೆಗೆದ ಡಿಎನ್‌ಎನ ಎರಡು ಟ್ಯೂಬಿಗೆ ಹಂಚಿ, ಒಂದನ್ನ ಬೇರೆ ಬಿಲ್ಡಿಂಗಿನ ಫ್ರೀಜರಲ್ಲಿಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದ್ರೆ ಯಾವಾಗ ಬರತ್ತೋ ಹೇಳೋಕಾಗಲ್ಲ, ದೊಡ್ಡ ಗ್ರಾಂಟು ಬಂದಾಗ ಮತ್ತೆ ಬೇಕಾಗೋದು ಇದೇ ನಲವತ್ತು ಟ್ಯೂಬು.